ಕ್ಲೇಲಿಯಾಳ ಬೆನಿಫಿಟ್ ನಾಟಕ

ಬೆನಿಫಿಟ್ ನಾಟಕದ ದಿನ ಪೋ ನದಿಯ ಬಯಲಿನವರು ಕೈಬೀಸಿಕೊಂಡು ಬರುವುದಿಲ್ಲ. ಹೂಗುಚ್ಛ, ಭಾಷಣ ಎಲ್ಲ ಮಿಲಾನಿನ ನಟಿಯರಿಗಿರಲಿ. ಇಲ್ಲಿ ಯಾರ ಹೆಸರಿನಲ್ಲಿ ನಾಟಕವೋ ಅವರಿಗೆ ಒಣಮಾಂಸದ ಸಲಾಮಿ, ಚೀಸ್ ತುಂಡು, ಕೆಂಪು ವೈನು, ಕಾಲು ಕಟ್ಟಿದ ಕೋಳಿ, ಹಿಟ್ಟಿನ ಮೂಟೆ ಬರುತ್ತವೆ. ಕಸಲ್‌ಬ್ರೂನೊ ಊರಿನವರಂತೂ ಆ ವಿಷಯದಲ್ಲಿ ಎತ್ತಿದ ಕೈ. ಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದರೂ ಅವರ ಹೊಟ್ಟೆಗೇ ಇನ್ನೂ ಅಷ್ಟಕ್ಕಷ್ಟೆ. ಆದರೂ ಹಿರಿಯ ನಟಿ ಕ್ಲೇಲಿಯಾಳ ಬೆನಿಫಿಟ್ ಎಂದು ಸಾರಿದ್ದೇ ತಡ, ಮಧ್ಯಾಹ್ನದಿಂದಲೇ ಸಾಮಾನು ಬರತೊಡಗಿತು. ಇಡಲು ಜಾಗ ಸಾಲದೆ ಎಲ್ಲವನ್ನೂ ರಂಗದ ಹಲಗೆಗಳ ಕೆಳಗೆ ತುರುಕಿದರು. ನಟರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ನೆರಿಯೊನ ಗೂಡು ಇರುವುದೂ ಅಲ್ಲೇ.

"ನಾನೆಲ್ಲಪ್ಪಾ ಕೂತ್ಕೊಳ್ಳೋದು, ಕೋಳಿ ಮೇಲಾ?" ಎಂದು ನೆರಿಯೊ ಕೂಗಿದ.

"ಕೂತ್ಕೊಳಿ ಮಾವ, ನಾಳೆಗೆ ಮೊಟ್ಟೆನಾದ್ರೂ ಸಿಗುತ್ತೆ," ಎಂದ ಆಲ್ದೊ. ಅವನು ಕ್ಲೇಲಿಯಾಳ ಮಗ, ಕಂಪನಿಯ ಮಾಲೀಕ. ಇಲಿ ಕಾಟ ಬೇಡವೆಂದು ಹಿಟ್ಟಿನ ಮೂಟೆಯೊಂದನ್ನು ನೆರಿಯೊನ ತಲೆಯ ಮೇಲಿನ ತೊಲೆಗೆ ನೇತುಹಾಕಿ, ಕೈ ಕೊಡವಿಕೊಂಡು, ದನಿ ತಗ್ಗಿಸಿ ಹೇಳಿದ: "ಮಾವ, ಬೇಜಾರು ಮಾಡ್ಕೋಬೇಡಿ. ಅಮ್ಮ ಇವತ್ತೂ ಮಧ್ಯದಲ್ಲಿ ಮಾತು ಮರೆತು ನಿಂತುಬಿಟ್ರೆ ಇದೇ ಕೊನೆ. ಬೊಲೋನ್ಯದಲ್ಲಿ ವಯಸ್ಸಾದ ನಟರಿಗೆ ಒಂದು ಆಶ್ರಮ ಇದೆ. ಮಾತಾಡಿಟ್ಟಿದ್ದೀನಿ. ನಾಟಕ ಮುಗಿದ ಮೇಲೆ ಪರದೆ ಮುಂದೆ ನಿಂತು ಹೇಳ್ಬಿಡ್ತೀನಿ."

"ಆಶ್ರಮನಾ? ನಿಮ್ಮಮ್ಮನ್ನಾ?"

"ಕಳೆದ ವಾರ ನಿಂತಾಗ ಜನ ನಕ್ಕರು ಮಾವ. ನನ್ನ ಕೈಲಿ ನೋಡೋಕೆ ಆಗಲ್ಲ."

ನೆರಿಯೊ ಬೈಯಲು ಬಾಯಿ ತೆರೆದ. ಹುಡುಗನ ಕಣ್ಣು ನೋಡಿ, ಕೋಳಿಗಳನ್ನು ಪಕ್ಕಕ್ಕೆ ಸರಿಸತೊಡಗಿದ.

ಕ್ಲೇಲಿಯಾಳದು ಒಂದು ಕಾಲದಲ್ಲಿ ಚರ್ಮದ ಮುಖವಾಡ ಹಾಕಿ, ಸಂತೆಚೌಕದಲ್ಲಿ ನಾಲ್ಕು ಹಲಗೆ ಹಾಸಿ, ಬಾಯಿಗೆ ಬಂದ ಮಾತು ಆಡಿ ಜನರನ್ನು ನಗಿಸುತ್ತಿದ್ದ ಮನೆತನ. ಆಮೇಲೆ ಮುಖವಾಡ ಹೋಯಿತು, ಬರೆದ ನಾಟಕ ಬಂತು. ಇವತ್ತೊಂದು, ನಾಳೆ ಇನ್ನೊಂದು. ಹೊಟ್ಟೆಪಾಡಿನವರು ಅಷ್ಟನ್ನೆಲ್ಲ ಬಾಯಿಪಾಠ ಮಾಡುವುದುಂಟೇ? ಹಾಗಾಗಿ ರಂಗದ ಅಂಚಿನಲ್ಲಿ ತೂತು ಕೊರೆದು, ಅದರ ಮೇಲೆ ರಂಗದ ಕಡೆಗಷ್ಟೇ ತೆರೆದ ಮುಚ್ಚಿಗೆಯೊಂದನ್ನು ಹಾಕಿ, ಕೆಳಗೊಬ್ಬನನ್ನು ಕೂರಿಸಿದರು. ಒಂದೊಂದು ಮಾತನ್ನೂ ಅವನು ಪಿಸುಗುಟ್ಟಬೇಕು, ಇವರು ಮೇಲೆ ಗರ್ಜಿಸಬೇಕು. ಈಗಿನ ಹುಡುಗರು ಬಾಯಿಪಾಠ ಮಾಡುತ್ತಾರೆ ಅನ್ನಿ. ಆಲ್ದೊನೇ ಒಂದು ದಿನವೂ ಕೆಳಗೆ ಕಣ್ಣು ಹಾಯಿಸಿದವನಲ್ಲ.

ನೆರಿಯೊ ಈ ಗೂಡಿಗೆ ಬಂದದ್ದು ಕ್ಲೇಲಿಯಾಳ ದಯೆಯಿಂದ. ನಟನಾಗಬೇಕೆಂದು ಕಂಪನಿ ಸೇರಿದ್ದ. ಅವನು ಅತ್ತರೆ ಜನ ನಗುತ್ತಿದ್ದರು, ನಗಿಸಹೋದರೆ ಆಕಳಿಸುತ್ತಿದ್ದರು. ಅವಳ ಅಪ್ಪ ಗಂಟುಮೂಟೆ ಕಟ್ಟು ಎಂದಾಗ ಇಪ್ಪತ್ತರ ಕ್ಲೇಲಿಯಾ ಅಡ್ಡ ಬಂದಳು. "ಅಪ್ಪಾ, ಇವನ ಮುಖ ಒಂದನ್ನ ಬಚ್ಚಿಡಿ ಸಾಕು. ಮಾತು ಬಂಗಾರದಂಗಿದೆ," ಎಂದಳು. ಅಂದಿನಿಂದ ಅವನು ತಿಂದ ಪ್ರತಿ ತುತ್ತಿನಲ್ಲೂ ಅವಳ ಋಣವಿತ್ತು. ಅವಳು ಮದುವೆಯಾದಳು, ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು. ಇವನು ಕೆಳಗೇ ಕೂತು ಮಾತು ಎತ್ತಿಕೊಟ್ಟ. ಈಚೆಗೆ ಅವಳಿಗೆ ಮರೆವು ಹತ್ತಿತ್ತು. ಇವನು ಇನ್ನಷ್ಟು ನಿಧಾನವಾಗಿ, ಮೂರು ಮೂರೇ ಪದ ಎತ್ತಿಕೊಡುತ್ತಿದ್ದ. ಅವಳನ್ನು ಆಶ್ರಮದ ಕಿಟಕಿಯ ಪಕ್ಕ ಕುರ್ಚಿಯ ಮೇಲೆ ಊಹಿಸಿಕೊಳ್ಳಲು ಅವನಿಂದ ಆಗುತ್ತಿರಲಿಲ್ಲ.

ಸಂಜೆ ನಾಟಕ ಶುರುವಾಯಿತು. ಕಳ್ಳತನದ ಆರೋಪ ಹೊತ್ತ ಮಗ, ನ್ಯಾಯಾಲಯದಲ್ಲಿ ಅವನ ಪರ ನಿಲ್ಲುವ ತಾಯಿ. ಊರು ಇದನ್ನು ಎಷ್ಟು ಸಲ ನೋಡಿತ್ತೋ, ಆದರೂ ಬೆಂಚುಗಳು ಕಿಕ್ಕಿರಿದಿದ್ದವು. ಎರಡು ಅಂಕ ಹೂವೆತ್ತಿದ ಹಾಗೆ ಸಾಗಿತು. ನೆರಿಯೊ ಎತ್ತಿಕೊಟ್ಟ, ಅವಳು ಆಡಿದಳು. ಒಂದೆರಡು ಕಡೆ ತಡೆದಳು, ಜನ ಅದನ್ನು ದುಃಖವೆಂದೇ ತಿಳಿದರು. ಇನ್ನು ಉಳಿದಿದ್ದು ಕೊನೆಯ ಮಾತುಗಳು ಮಾತ್ರ.

ಆಲ್ದೊ ತಾಯಿಯ ಮುಂದೆ ಧೊಪ್ಪನೆ ಮಂಡಿಯೂರಿದ. ಯಾವಾಗಲೂ ಹಾಗೇ ಊರುತ್ತಿದ್ದ, ಬೆನಿಫಿಟ್ ಎಂದು ಅವತ್ತು ಇನ್ನೂ ಜೋರಾಗಿ. ಹಲಗೆ ಅದುರಿತು, ತೊಲೆಯ ಮೊಳೆ ಕಿತ್ತುಬಂತು, ಮೂಟೆ ಬಿಚ್ಚಿ ಅಷ್ಟೂ ಹಿಟ್ಟು ನೆರಿಯೊನ ತಲೆಯ ಮೇಲೆ ಸುರಿಯಿತು.

ಕಣ್ಣು, ಮೂಗು, ಗಂಟಲು, ಎಲ್ಲೆಲ್ಲೂ ಹಿಟ್ಟು. ಉಸಿರೆಳೆದರೆ ಇನ್ನಷ್ಟು ಒಳಗೆ ಹೋಯಿತು. ಕೆಮ್ಮಿದ. ಕೋಳಿಗಳು ಕೂಗೆಬ್ಬಿಸಿದವು. ಮೇಲೆ ಕ್ಲೇಲಿಯಾ ಎದೆಯ ಮೇಲೆ ಕೈಯಿಟ್ಟು ಗೂಡನ್ನೇ ನೋಡುತ್ತ ಕಾದಳು. ನೆರಿಯೊ ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ತೆರೆದ. ಅಯ್ಯೋ ದೇವರೇ, ಇವತ್ತೊಂದು ದಿನ, ಇವತ್ತೊಂದೇ ದಿನ ಎಂದು ಬೇಡಿಕೊಂಡ. ಅವಳ ಕಣ್ಣಲ್ಲಿ ಮೊದಲು ಪ್ರಶ್ನೆಯಿತ್ತು, ಆಮೇಲೆ ಹೆದರಿಕೆ ಬಂತು. ಹಿಂದೆ ಯಾರೋ ಕಿಸಕ್ಕೆಂದರು. ಮಂಡಿಯೂರಿದ್ದ ಆಲ್ದೊ ತಲೆ ತಗ್ಗಿಸಿದ.

ಆಗ ನೆರಿಯೊನ ಬೆನ್ನ ಹಿಂದೆ, ಮುಂದಿನ ಬೆಂಚಿನಿಂದ ಪಿಸುದನಿಯೊಂದು ಬಂತು. "ಈ ಕೈಗಳನ್ನು... ನಾನೇ ತೊಳೆದು ಬೆಳೆಸಿದ್ದು... ನ್ಯಾಯಾಧೀಶರೇ."

ಭತ್ತದ ಗದ್ದೆಯಲ್ಲಿ ಕಳೆ ಕಿತ್ತು ಬೆನ್ನು ಬಾಗಿದ ಮುದುಕಿ ದೆಲ್ಫೀನಾ. ಕ್ಲೇಲಿಯಾ ಅತ್ತ ತಿರುಗಿದಳು. ಒಂದು ಗಳಿಗೆ ಅವಳಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಆಮೇಲೆ ಎದೆ ಸೆಟೆದು ನಿಂತಳು. ಅವಳಾಡಿದ ಆ ಮಾತು ಸಭೆಯ ಕೊನೆಯ ಗೋಡೆಗೆ ಬಡಿಯಿತು.

"ಇವು ರೊಟ್ಟಿ ಕೇಳಿವೆ, ಕದ್ದಿಲ್ಲ," ಎಂದು ಪಕ್ಕದ ಹೆಂಗಸು ಎತ್ತಿಕೊಟ್ಟಳು.

"ನನ್ನ ಮಗನನ್ನು ನನಗೆ ಕೊಡಿ!" ಎಂದ ಅದೇ ಬೆಂಚಿನ ಕಮ್ಮಾರನೊಬ್ಬ.

"ಸುಮ್ನಿರೋ ಕತ್ತೆ, ಅದು ಆಮೇಲೆ ಬರುತ್ತೆ!" ಎಂದು ದೆಲ್ಫೀನಾ ಗದರಿದಳು. ಸಭೆ ನಕ್ಕಿತು. ಕ್ಲೇಲಿಯಾಳೂ ನಗು ತಡೆದುಕೊಂಡು ಮುಂದುವರಿದಳು. ಒಬ್ಬರಾದ ಮೇಲೊಬ್ಬರು ಇಡೀ ಬೆಂಚೇ ಎತ್ತಿಕೊಟ್ಟಿತು. ಮೊದಲು ಮೂರು ಪದ, ಒಂದು ಉಸಿರು, ಕೊನೆಯ ಪದಕ್ಕೆ ಕೊಂಚ ಒತ್ತು. ನೆರಿಯೊ ಮುಖದ ಹಿಟ್ಟು ಒರೆಸುವುದನ್ನೂ ಮರೆತು ಕೇಳುತ್ತ ಕೂತ. ಅದು ಅವನದೇ ಧಾಟಿ, ಒಂಚೂರೂ ಹೆಚ್ಚುಕಡಿಮೆಯಿಲ್ಲ.

ಕಮ್ಮಾರನ ಮಾತಿನ ಸರದಿ ಬಂತು. ಅವನು ಬಾಯಿ ತೆರೆಯುವ ಮೊದಲೇ ಕ್ಲೇಲಿಯಾ ತಾನಾಗಿಯೇ ಆಡಿದಳು: "ನನ್ನ ಮಗನನ್ನು ನನಗೆ ಕೊಡಿ!" ಈಗ ಮಗ ಮಾತಾಡಬೇಕು. ಆಲ್ದೊ ತಲೆಯೆತ್ತಿದ. ಗಲ್ಲದ ಮೇಲೆ ಬಳಬಳ ನೀರು. ಬಾಯಿಪಾಠದ ಆ ಆಸಾಮಿಗೆ ಒಂದಕ್ಷರ ಹೊರಡಲಿಲ್ಲ.

ದೆಲ್ಫೀನಾ ಬೆಂಚಿನಿಂದ ಮುಂದಕ್ಕೆ ಬಾಗಿದಳು. ಆಮೇಲೆ ಪಿಸುದನಿಯನ್ನೂ ಬಿಟ್ಟು, "'ಅಮ್ಮಾ' ಅನ್ನೋ ಮಗಾ!" ಎಂದಳು.

"ಅಮ್ಮಾ," ಎಂದ ಆಲ್ದೊ. ಅದು ನಾಟಕದ ದನಿಯಲ್ಲವೆಂದು ನೆರಿಯೊಗೆ ಗೊತ್ತಾಯಿತು.

ಚಪ್ಪಾಳೆಗೆ ಕಿವಿ ಗಡಚಿಕ್ಕಿತು. ಪರದೆ ಬಿತ್ತು. ಪದ್ಧತಿಯಂತೆ ಮಾಲೀಕ ಮುಂದೆ ಬಂದು ಮರುದಿನದ ಆಟ ಸಾರಬೇಕು. ನೆರಿಯೊ ಗೂಡಿನ ಅಂಚು ಹಿಡಿದು ಪರದೆಯನ್ನೇ ನೋಡಿದ. ಆಲ್ದೊ ತಾಯಿಯ ಕೈ ಹಿಡಿದುಕೊಂಡು ಬಂದ.

"ಮಹಾಜನರೇ, ಇವತ್ತು ನಾನು ಬೇರೇನೋ ಹೇಳ್ಬೇಕು ಅಂತಿದ್ದೆ. ಈಗ ಹೇಳಲ್ಲ. ನಾಳೆ ಸಂಜೆ ಇನ್ನೊಂದು ಆಟ, ಮುಖ್ಯ ಪಾತ್ರದಲ್ಲಿ ನಮ್ಮಮ್ಮ. ನಾಡಿದ್ದೂ ಅವರೇ. ಮುಂದಿನ ಬೆಂಚಿನವರು ದಯವಿಟ್ಟು ತಪ್ಪಿಸ್ಕೋಬೇಡಿ."

ಜನ ಕುಣಿದಾಡಿದರು. ಕ್ಲೇಲಿಯಾ ಬಗ್ಗಿ, ಹಿಟ್ಟಿನ ಗೊಂಬೆಯಾಗಿದ್ದ ನೆರಿಯೊನ ರಟ್ಟೆ ಹಿಡಿದು, "ಬಾರೋ ಮೇಲೆ. ಈ ಮುಖ ಬಚ್ಚಿಟ್ಟಿದ್ದು ಸಾಕು," ಎಂದಳು. ಅವನು ಅಷ್ಟು ವರ್ಷಗಳ ಮೇಲೆ ಮೊದಲ ಸಲ ಜನರಿಗೆ ಮುಖ ಮಾಡಿ ನಿಂತ. ಗೂಡಿನಲ್ಲಿ ಕೂತವನಿಗೆ ರಂಗ ಕಾಣುತ್ತಿತ್ತು, ಬೆನ್ನ ಹಿಂದೆ ಯಾರಿದ್ದಾರೆಂದು ಅವನು ಯಾವತ್ತೂ ನೋಡಿರಲಿಲ್ಲ.

ದೆಲ್ಫೀನಾ ಎದ್ದು ಹತ್ತಿರ ಬಂದಳು. "ನಮಗೆ ಓದು ಬರಹ ಇಲ್ಲ ಕಣಯ್ಯಾ. ಹಿಂದೆ ಕೂತ್ರೆ ಮಾತು ಒಂದೇ ಸಲ ಕೇಳುತ್ತೆ. ಮುಂದಿನ ಬೆಂಚಲ್ಲಿ ಎರಡು ಸಲ, ಮೊದಲು ನಿಂದು, ಆಮೇಲೆ ಅವರದು. ಹಾಗೇ ಕಲಿತ್ವಿ. ಗದ್ದೇಲಿ ಕಳೆ ಕೀಳ್ತಾ ನೀನು ಹೇಳಿಕೊಟ್ಟಿದ್ದನ್ನೇ ಆಡ್ಕೋತಿದ್ವಿ. ನನ್ನ ಮಗ ಯುದ್ಧದಿಂದ ವಾಪಸ್ ಬರದೆ ಹೋದಾಗ ಸರ್ಕಾರದ ಸಾಹೇಬನ ಮುಂದೆ ನಿಂತು ಮಾತಾಡ್ದೆ ನೋಡು, ಅದೂ ನೀನು ಕೊಟ್ಟ ಮಾತೇ. ನಿನ್ನ ಮುಖ ಹೆಂಗಿದೆ ಅಂತಲೇ ಗೊತ್ತಿರ್ಲಿಲ್ಲ. ನೂರು ವರ್ಷ ಚೆನ್ನಾಗಿರು."

ನೆರಿಯೊ ಅವಳ ಎರಡೂ ಕೈ ಹಿಡಿದುಕೊಂಡ. ಹೇಳಬೇಕಾದದ್ದು ಎದೆ ತುಂಬ ಇತ್ತು. ಬಾಯಿ ತೆರೆದ, ತುಟಿಗಳು ಅಲುಗಿದವು. ಗಂಟಲಿನಿಂದ ಹಿಟ್ಟಿನ ಉಸಿರು ಬಿಟ್ಟರೆ ಏನೂ ಹೊರಡಲಿಲ್ಲ.

"ಬಿಡಪ್ಪಾ," ಎಂದಳು ದೆಲ್ಫೀನಾ, "ಕೇಳಿಸ್ತು."