ಹತ್ತು ಗಂಟೆಯ ಹಲಗೆ

ನಮ್ಮ ರುದಿಯಾಂಕಾದಲ್ಲಿ ನೆಲದ ಮೇಲಿನ ಊರಿಗಿಂತ ನೆಲದಡಿಯ ಊರೇ ದೊಡ್ಡದು. ಬೆಳ್ಳಿಯ ಆಸೆಗೆ ಜರ್ಮನರು ತೋಡಿದರು, ಹಂಗೇರಿಯವರು ತೋಡಿಸಿದರು, ಸ್ಲೋವಾಕರಾದ ನಾವು ತೋಡುತ್ತಲೇ ಸತ್ತೆವು. ಊರಿಗೆ ಮೂರು ಭಾಷೆಯಲ್ಲಿ ಮೂರು ಹೆಸರಿವೆ, ಏನು ಪ್ರಯೋಜನ? ಗುಡ್ಡದ ನೆತ್ತಿಯ ಗೋಪುರದಲ್ಲಿ ಮೇಪಲ್ ಮರದ ಹಲಗೆಯೊಂದು ತೂಗುತ್ತದೆ. ಅದನ್ನು ಕೊಡತಿಯಿಂದ ಬಡಿದು ಗಣಿಯವರನ್ನು ಬೆಳಗ್ಗೆ ಎಬ್ಬಿಸುವುದು, ಅವರು ಸತ್ತಾಗ ಮಣ್ಣಿಗೆ ಕಳಿಸಿಕೊಡುವುದು ನನ್ನ ಕೆಲಸ. ನನಗಿಂತ ಮೊದಲು ಅಪ್ಪ ಬಡಿಯುತ್ತಿದ್ದ.

1927ರ ಅಕ್ಟೋಬರ್‌ನಲ್ಲಿ, ಒಂದು ಸೋಮವಾರ, ಗೋಪುರದ ಕೆಳಗಿನ ಸುರಂಗ ಕುಸಿಯಿತು. ಮುದುಕ ಫಿಲಿಪ್ ಗರಾಯ್‌ನ ಹೆಣ ಅಂದೇ ಸಿಕ್ಕಿತು. ನನ್ನ ತಂಗಿ ಜೋಫಿಯಾಳ ಗಂಡ ವೆಂಡೆಲ್ ಒಳಗೇ ಉಳಿದ. ಸುರಂಗ ಅಲ್ಲಿ ಎಡಕ್ಕೂ ಬಲಕ್ಕೂ ಕವಲೊಡೆಯುತ್ತದೆ, ಎರಡೂ ಮುಚ್ಚಿಹೋಗಿದ್ದವು. ಅವನು ಯಾವ ಕವಲಲ್ಲಿದ್ದಾನೋ ದೇವರಿಗೇ ಗೊತ್ತು. ಅಗೆಸುತ್ತಿದ್ದ ಮೇಸ್ತ್ರಿ ಕಾರೋಲ್ ಗಂಟೆಗೊಮ್ಮೆ ಎಲ್ಲರ ಕೈ ನಿಲ್ಲಿಸಿ ಬಂಡೆಗೆ ಕಿವಿಯಿಡುತ್ತಿದ್ದ. ಸಿಕ್ಕಿಬಿದ್ದವನು ಬದುಕಿದ್ದರೆ ಬಂಡೆ ಕುಟ್ಟುತ್ತಾನೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಬುಧವಾರ ಫಿಲಿಪ್‌ನ ಮಣ್ಣು. ಹೂಳಿ ಮುಗಿಯುವವರೆಗೂ ಹಲಗೆ ಬಡಿಯುತ್ತಲೇ ಇರಬೇಕು. ಬೆಳಗ್ಗೆಯೇ ಜೋಫಿಯಾ ಏದುಸಿರು ಬಿಡುತ್ತ ಗೋಪುರ ಹತ್ತಿ ಬಂದಳು. ಎರಡು ದಿನದಿಂದ ತೊಟ್ಟು ನೀರೂ ಕುಡಿದಿರಲಿಲ್ಲ.

"ಅಣ್ಣಾ, ನಿನ್ ಕಾಲಿಗ್ ಬೀಳ್ತೀನಿ, ಇವತ್ತೊಂದಿನ ಬಡೀಬೇಡ. ನಿನ್ ಹಲಗೆ ಸದ್ದು ಕೆಳಗಡೆ ಬಂಡೇಲೆಲ್ಲಾ ಕೇಳ್ಸುತ್ತೆ, ಒಳಗಿಂದ ಕುಟ್ಟಿದ್ರೂ ಗೊತ್ತಾಗಲ್ಲ."

"ಫಿಲಿಪಜ್ಜನ್ನ ನಾಯಿ ಹೂತಂಗೆ ಹೂಳ್ಬೇಕಾ? ಅವನ ಹೆಂಡ್ತಿ ಮುಖ ನಾನ್ ಹೆಂಗ್ ನೋಡ್ಲಿ?"

"ಅವ್ನು ಸತ್ತಾಯ್ತಲ್ಲೋ! ನನ್ನವನು ಇನ್ನೂ ಬದ್ಕಿದಾನೆ!"

ನನಗೆ ರೇಗಿತು. ಹಲಗೆಯ ಸುದ್ದಿಗೆ ಯಾರು ಬಂದರೂ ನನಗೆ ರೇಗುತ್ತದೆ, ಹಾಳು ಬುದ್ಧಿ. ಕೊನೆಗೆ ಅವಳ ಅಳು ನೋಡಲಾಗದೆ ಮಾತು ಕೊಟ್ಟೆ: ಹತ್ತು ಗಂಟೆಗೆ, ಕಾರೋಲ್ ಕಿವಿಯಿಡುವ ಹೊತ್ತಿಗೆ ನಿಲ್ಲಿಸುತ್ತೇನೆ, ಕಾಲು ಗಂಟೆ ಕೊಡತಿ ಮುಟ್ಟುವುದಿಲ್ಲ. ಅವಳು ಕಣ್ಣೊರೆಸಿಕೊಂಡು ಇಳಿದಳು. ದಾರಿಯಲ್ಲೇ ತಲೆ ತಿರುಗಿ ಬಿದ್ದಳಂತೆ. ಯಾರೋ ಮನೆಗೆ ಹೊತ್ತೊಯ್ದರು.

ಕೊಟ್ಟ ಮಾತಿನಂತೆ ನಿಲ್ಲಿಸಿದೆ. ಊರಿಗೆ ಊರೇ ಚರ್ಚಿನೊಳಗೆ ಹಾಡುತ್ತಿತ್ತು. ಹಲಗೆ ನಿಂತದ್ದು ಯಾರಿಗೂ ತಿಳಿಯಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ರೊಟ್ಟಿಗೆ ಕುರಿಗಿಣ್ಣು ಸವರಿಕೊಂಡು ತಿಂದೆ. ಕಾಲು ಗಂಟೆ ಕಳೆದ ಮೇಲೆ ಮತ್ತೆ ಬಡಿದೆ.

ಆ ಮಧ್ಯಾಹ್ನದಿಂದ ಬಲಗವಲನ್ನೇ ಅಗೆದರು. ಅಲ್ಲಿ ಬರೀ ಕಲ್ಲು. ಶುಕ್ರವಾರ ಎಡಕ್ಕೆ ತಿರುಗಿದರು. ಹತ್ತು ಮೊಳದಾಚೆ ವೆಂಡೆಲ್ ಸಿಕ್ಕ. ಕೈಯಲ್ಲಿ ಸುತ್ತಿಗೆಯಿತ್ತು. ಮೈ ಇನ್ನೂ ಸೆಟೆದಿರಲಿಲ್ಲ.

ಅಂದು ಸಂಜೆ ಕಾರೋಲ್ ಮತ್ತು ಜೋಫಿಯಾ ಒಟ್ಟಿಗೇ ಗೋಪುರಕ್ಕೆ ಬಂದರು.

"ಮಾತೇಯ್," ಎಂದ ಕಾರೋಲ್, "ಬುಧವಾರ ಹತ್ತು ಗಂಟೆಗೆ ಎಡಗಡೆ ಬಂಡೇಲಿ ಟಕ್ ಟಕ್ ಅಂತ ಕೇಳ್ಸಿತ್ತು ಕಣಯ್ಯಾ. ಮಣ್ಣಿನ ದಿನ ಅಲ್ವಾ, ನಿನ್ ಹಲಗೆ ಸದ್ದೇ ಇರ್ಬೇಕು ಅಂತ ಎದ್ ಬಂದು ಬಲಗಡೆ ಅಗೆಸ್ಬಿಟ್ಟೆ. ಆಮೇಲೆ ಏನೂ ಕೇಳ್ಸ್ಲಿಲ್ಲ. ನೀನೇ ತಾನೇ ಬಡೀತಿದ್ದಿದ್ದು? ನೀನೇ ಅಲ್ವೇನಯ್ಯಾ?" ಎತ್ತಿನಂಥ ಆಳು ಅಂಗಲಾಚುತ್ತಿದ್ದ.

ಜೋಫಿಯಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಹತ್ತಕ್ಕೆ ನಿಲ್ಲಿಸ್ತೀನಿ ಅಂದಿದ್ದೆ. ನಿಲ್ಲಿಸಿದ್ಯಾ, ಇಲ್ವಾ? ಅಷ್ಟ್ ಹೇಳು."

ನಿಲ್ಲಿಸುತ್ತೇನೆಂದು ಕಾರೋಲ್‌ಗೆ ಒಂದು ಮಾತು ಹೇಳಿ ಕಳಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮಣ್ಣಿನ ದಿನ ಹಲಗೆ ನಡುವೆ ನಿಲ್ಲುವುದನ್ನು ಈ ಊರಲ್ಲಿ ಯಾರು ಕಂಡಿದ್ದಾರೆ? ನಿಲ್ಲಿಸಿದ್ದೆ ಎಂದರೆ, ಅಂದು ಕುಟ್ಟಿದವನು ವೆಂಡೆಲ್. ಗಂಡ ಕರೆದದ್ದು ಕೇಳಿಸಿಯೂ ಎದ್ದುಬಂದರು ಎಂಬುದನ್ನು ಎದೆಯಲ್ಲಿಟ್ಟುಕೊಂಡು ಅವಳು ಹೇಗೆ ಬದುಕಿಯಾಳು? ಕಾರೋಲ್ ಅಂತೂ ಬೆಳಗಾಗುವುದರೊಳಗೆ ನೇಣು ಹಾಕಿಕೊಳ್ಳುತ್ತಾನೆ.

"ಮರ್ತ್ಬಿಟ್ಟೆ ಕಣೇ," ಎಂದೆ. "ಬಡೀತಾನೇ ಇದ್ದೆ."

ಕಾರೋಲ್ ಗೋಡೆಗೊರಗಿ ಗೊಳೋ ಎಂದು ಅತ್ತ. ಅವನಿಗೆ ಜೀವ ಬಂದಿತ್ತು. ಜೋಫಿಯಾ ಅಳಲಿಲ್ಲ.

"ಹಂಗಾದ್ರೆ ಅವ್ನು ಎಷ್ಟ್ ಕುಟ್ಟಿದ್ರೂ ಕೇಳ್ತಿರ್ಲಿಲ್ಲ," ಎಂದಳು. "ನೀನೇ ಕೊಂದೆ ಕಣೋ. ಅಣ್ಣ ಅಂತೆ, ಥೂ!"

ಆಮೇಲೆ ಅವಳು ಇಪ್ಪತ್ತೆರಡು ವರ್ಷ ಅದೇ ಬೀದಿಯಲ್ಲಿ ಬದುಕಿದಳು. ನಾನು ಎದುರಾದರೆ ಆಚೆ ಬದಿಗೆ ದಾಟುತ್ತಿದ್ದಳು. ಕಾರೋಲ್ ಮಾತ್ರ ಪ್ರತಿ ಕ್ರಿಸ್ಮಸ್‌ಗೆ ಅವಳ ಮನೆಗೆ ಹೋಗಿ ಎಲೆಕೋಸಿನ ಸಾರು ಉಂಡು ಬರುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವಳಿಗೆ ಕೊನೆಗಾಲ ಬಂತೆಂದು ಕೇಳಿ ಓಡಿಹೋದೆ. ಮಗಳು ಬಾಗಿಲನ್ನು ಅರ್ಧ ತೆರೆದಳು.

"ಮಾವ, ನಿಮ್ಮನ್ನ ಒಳಗೆ ಬಿಡ್ಬೇಡ ಅಂದಿದಾಳೆ ಅಮ್ಮ."

ಒಳಗೆ ಅವಳು ಕೆಮ್ಮುವುದು ಕೇಳಿಸುತ್ತಿತ್ತು. ನಿಜ ಹೇಳಿದ್ದರೆ ಒಳಗೆ ಕರೆಯುತ್ತಿದ್ದಳೇನೋ. ನಾಲಿಗೆ ತುದಿಗೆ ಬಂದಿತ್ತು. "ಆಯ್ತಮ್ಮಾ, ತಣ್ಣಗ್ ಇರ್ಲಿ ಅವ್ಳು," ಎಂದು ಹೇಳಿ ಮೆಟ್ಟಿಲಿಳಿದೆ.