ರಸ್ತೆಯಂಚಿನ ಮಣ್ಣು

ನಕಾಶೆ ಬಲು ಚೆಂದ ಬಂದಿತ್ತು. ವರದಿಗೆ ಸಹಿ ಹಾಕಬೇಕಾದ ಶೈಲಾ ಮಾತ್ರ ಅದರ ಕೆಂಪನ್ನೇ ನೋಡುತ್ತಿದ್ದಳು.

ಹಡಪಸರದ ಆ ಆಫೀಸಿನ ಐದನೇ ಮಹಡಿಯಲ್ಲಿ, ಗೋಡೆಯಗಲದ ಪರದೆಯ ಮುಂದೆ, ಮಾಲೀಕ ಬಸವಪ್ರಭು ಮದುವೆಮನೆಯ ಯಜಮಾನನ ಠೀವಿಯಲ್ಲಿ ಓಡಾಡುತ್ತಿದ್ದ. ಸಾಸವಡದ ಸುತ್ತಲಿನ ನಲವತ್ತು ಹಳ್ಳಿಗಳ ಮಣ್ಣು ಅಲ್ಲಿ ಬಣ್ಣಬಣ್ಣವಾಗಿ ಹರಡಿಕೊಂಡಿತ್ತು. ಹಸಿರೆಂದರೆ ಒಳ್ಳೆಯ ಹೊಲ, ಹಳದಿಯೆಂದರೆ ಪರವಾಗಿಲ್ಲ, ಕೆಂಪೆಂದರೆ ಬೇಸಾಯಕ್ಕೆ ನಾಲಾಯಕ್ಕು. ಕೆಂಪು ಬಿದ್ದ ಜಮೀನನ್ನು ಗೋದಾಮುಗಳಿಗೆ ಬಿಟ್ಟುಕೊಡಬಹುದೆಂದು ಈ ಕೆಲಸ ಕೊಟ್ಟವರು ಮೊದಲೇ ಬರೆದಿಟ್ಟಿದ್ದರು.

"ನೋಡ್ರಿ ಶೈಲಾ ಮೇಡಂ, ಎಂಟನೂರು ಕಡೆ ಮಣ್ಣು ತಗದೇವಿ, ಉಳದದ್ದೆಲ್ಲಾ ಕಂಪ್ಯೂಟರ್ ತಾನ ಲೆಕ್ಕ ಹಾಕೇದ. ಇನ್ನೈದು ವರ್ಷಕ್ಕ ಮಣ್ಣೇ ಬೇಕಾಗೂದಿಲ್ಲ. ಉಪಗ್ರಹ ಮ್ಯಾಲಿಂದ ನೋಡತದ, ನಾವು ಇಲ್ಲೇ ಎಸಿಯೊಳಗ ಕೂತು ಹೇಳೋದು!"

ಮಣ್ಣೇ ಬೇಡವಂತೆ! ಹನ್ನೊಂದು ವರ್ಷ ಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಹೆಂಗಸಿನ ಮುಂದೆ ಆಡುವ ಮಾತೇ ಅದು? ಆದರೆ ಅವಳ ಕಣ್ಣು ಬೇರೆ ಕಡೆ ನೆಟ್ಟಿತ್ತು. ರಸ್ತೆ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಕೆಂಪು ಅದರ ಬೆನ್ನು ಹಿಡಿದು ಹೋಗಿತ್ತು, ಅಲ್ಲಿಂದ ಎರಡೂ ಬದಿಯ ಹೊಲಗಳೊಳಕ್ಕೆ ಹಬ್ಬಿತ್ತು.

ಹೊಲದ ಮಣ್ಣು ತೆಗೆಯುವುದಕ್ಕೆ ಒಂದು ರೀತಿಯಿದೆ. ಹೊಲದೊಳಗೆ ಅಂಕುಡೊಂಕಾಗಿ ನಡೆದು ಎಂಟು ಕಡೆ ಗೇಣು ಆಳ ತೋಡಬೇಕು. ಬಂದದ್ದನ್ನೆಲ್ಲ ಬಟ್ಟೆಯ ಮೇಲೆ ಕಲಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಬೇಕು. ಉಳಿದದ್ದನ್ನು ಮತ್ತೆ ಕಲಸಿ, ಮತ್ತೆ ಪಾಲು ಮಾಡಿ, ಅರ್ಧ ಕಿಲೋ ಉಳಿಯುವ ತನಕ ಇದೇ ಕೆಲಸ. ಬಸವಪ್ರಭುವಿನ ಜನ ಜೀಪಿನಿಂದ ಒಂದು ಕಾಲು ಇಳಿಸಿ ರಸ್ತೆಯಂಚನ್ನೇ ಕೆರೆದು ಚೀಲ ತುಂಬಿಕೊಂಡು ಬಂದಿದ್ದರು. ಗುರುತಿಸಿದ ಜಾಗದಿಂದ ಇನ್ನೂರು ಮೀಟರ್ ಆಚೀಚೆಯಾದರೂ ಅವರ ಕೈಯಲ್ಲಿನ ಮೊಬೈಲ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿತ್ತು.

ಶೈಲಾಳಿಗೆ ಇದು ಇವತ್ತೇ ಗೊತ್ತಾದದ್ದಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾದದ್ದು ಅದಕ್ಕೇ. ಮೂರು ತಿಂಗಳಿಂದ ಪ್ರತಿ ಚೀಲ ಜರಡಿ ಹಿಡಿದಾಗಲೂ ಮೇಲೆ ಡಾಂಬರಿನ ಚೂರು, ಜಲ್ಲಿ, ಗುಟ್ಕಾ ಚೀಟಿಯ ಹರಕು ಉಳಿಯುತ್ತಿದ್ದವು. ಜರಡಿಯ ಮೇಲೆ ಉಳಿದದ್ದನ್ನು ಎಸೆಯುವುದು ಪದ್ಧತಿ. ಅವಳು ಎಸೆದಿದ್ದಳು, ಕೈ ತೊಳೆದುಕೊಂಡಿದ್ದಳು, ಡಬ್ಬಿ ಬಿಚ್ಚಿ ಊಟ ಮಾಡಿದ್ದಳು. ಥೂ.

"ಸರ್, ಇದು ರಸ್ತೆ ಮಣ್ಣು ಅದ. ಹೊಲದ್ದಲ್ಲ. ಇದಕ್ಕ ನಾ ಸಹಿ ಹಾಕಂಗಿಲ್ಲ," ಎಂದಳು.

"ಹಂಗಂದ್ರ ನೀವೇ ಹೋಗಿ ಛಲೋ ಮಣ್ಣು ತರ್ರಿ," ಎಂದು ಬಸವಪ್ರಭು ನಕ್ಕ. "ಅದನ್ನೂ ಕಂಪ್ಯೂಟರಿಗೆ ಹಾಕೋಣಂತ, ಯಾರು ಬ್ಯಾಡಂದಾರ?"

ಸೋಮವಾರ ಬೆಳಿಗ್ಗೆಯೇ ಅವಳು ಬಸ್ಸು ಹತ್ತಿ ಸಾಸವಡಕ್ಕೆ ಹೋದಳು. ಅಲ್ಲಿಂದ ರಿಕ್ಷಾದಲ್ಲಿ, ನಕಾಶೆಯ ಕೆಂಪು ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆಗೆ. ಅದು ಕುಸುಮಬಾಯಿ ಎಂಬಾಕೆಯ ಅಂಜೂರದ ತೋಟವಾಗಿತ್ತು. ಮೂರೆಕರೆ, ಗಿಡದ ತುಂಬ ಕಾಯಿ. ಶೈಲಾ ಬಂದ ಕಾರಣವನ್ನು ಮರಾಠಿಯಲ್ಲಿ ವಿವರಿಸಿದಾಗ ಮುದುಕಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳು ತೋಟವನ್ನೊಮ್ಮೆ, ಶೈಲಾಳನ್ನೊಮ್ಮೆ ನೋಡಿದಳು.

"ಇಲ್ಲಿ ಏನೂ ಬೆಳೆಯುವುದಿಲ್ಲ ಅಂತ ಬರೆದಿದ್ದಾರಾ? ಇವೇನು ಆಕಾಶದಲ್ಲಿ ಬೆಳೆದವಾ?"

ಸೀರೆ ಎತ್ತಿ ಕಟ್ಟಿ ಅವಳೇ ಗುದ್ದಲಿ ಹಿಡಿದಳು. ಇಬ್ಬರೂ ಸೇರಿ ಎಂಟು ಕಡೆ ತೋಡಿದರು. ಮಣ್ಣು ಕಪ್ಪಗೆ, ಒದ್ದೆಯಾಗಿ, ಹಿಡಿದರೆ ಮುದ್ದೆಯಾಗುತ್ತಿತ್ತು. ಮನೆಯ ಹಳೆಯ ಪಂಚೆಯೊಂದನ್ನು ಹಾಸಿ ಅದರ ಮೇಲೆ ಕಲಸಿ ಪಾಲು ಮಾಡಿದರು. ಚೆಲ್ಲಬೇಕಾದ ಪಾಲನ್ನು ಕುಸುಮಬಾಯಿ ಬೊಗಸೆಯಲ್ಲಿ ಹೊತ್ತು ಮರಳಿ ಗಿಡದ ಬುಡಕ್ಕೇ ಹಾಕಿದಳು.

"ಇದು ಹೋದ ಮೇಲೆ ನಕಾಶೆಯಲ್ಲಿ ನನ್ನ ತೋಟ ಸರಿಯಾಗುತ್ತದಲ್ಲವಾ?" ಎಂದು ಚೀಲದ ಬಾಯಿ ಕಟ್ಟುತ್ತಾ ಕೇಳಿದಳು.

"ಆಗ್ತದೆ. ನನ್ನ ಸಹಿ ಇಲ್ಲದೆ ನಕಾಶೆ ಹೊರಗೆ ಹೋಗುವುದಿಲ್ಲ," ಎಂದು ಶೈಲಾ ಮಾತು ಕೊಟ್ಟಳು. ತನ್ನ ಫೋನ್ ನಂಬರನ್ನೂ ಬರೆದುಕೊಟ್ಟಳು.

ನಾಲ್ಕು ದಿನ ಕೂತು ಅವಳು ಪರೀಕ್ಷೆ ಮಾಡಿದಳು. ಅಂಥ ಮಣ್ಣನ್ನು ಆ ಪ್ರಯೋಗಾಲಯ ಕಂಡೇ ಇರಲಿಲ್ಲ. ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಕಾದಳು. ನಕಾಶೆ ಮತ್ತೆ ಮೂಡಿತು, ತೋಟ ಕೆಂಪಾಗಿಯೇ ಇತ್ತು. ಕೆಳಗೊಂದು ಸಾಲು ಬಂದಿತ್ತು: ಸುತ್ತಲಿನ ಮಣ್ಣಿಗೆ ಹೊಂದುವುದಿಲ್ಲ, ತಪ್ಪು ಮಾದರಿಯೆಂದು ಕೈಬಿಡಲಾಗಿದೆ.

ಎಂಟು ನೂರು ಸುಳ್ಳುಗಳ ನಡುವೆ ಇದ್ದ ಒಂದೇ ಒಂದು ನಿಜವನ್ನು ಯಂತ್ರ ಹುಡುಕಿ ತೆಗೆದು ಎಸೆದಿತ್ತು.  ಶೈಲಾ ಎದ್ದವಳೇ ಬಸವಪ್ರಭುವಿನ ಕೋಣೆಗೆ ನುಗ್ಗಿ ತನ್ನ ವರದಿಯ ಹಾಳೆಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ನಾ ಸಹಿ ಹಾಕೂದಿಲ್ಲಂದ್ರ ಹಾಕೂದಿಲ್ಲ. ಏನು ಮಾಡ್ಕೋತೀರಿ ಮಾಡ್ಕೋರಿ!"

ಅವನು ಸಮೋಸಾ ತಿನ್ನುತ್ತಿದ್ದ. ಬೆರಳಿನ ಎಣ್ಣೆಯನ್ನು ಅವಳದೇ ವರದಿಯ ಹಾಳೆಗೆ ಒರೆಸಿದ.

"ಅಯ್ಯ, ಅದಕ್ಯಾಕ ಇಷ್ಟು ಸಿಟ್ಟು? ಹೋದ ವರ್ಷ ನಿಮ್ಮ ಡಿಜಿಟಲ್ ಸಹಿ ಮಾಡಿಸಿದ್ದೆವಲ್ರಿ, ಅದು ನಮ್ಮ ಹತ್ರಾನೇ ಅದ. ವರದಿ ಸೋಮವಾರನೇ ಹೋತು. ನಿಮಗ ತ್ರಾಸ ಯಾಕಂತ ಹೇಳಲಿಲ್ಲ."

ಸೋಮವಾರ. ಅವಳು ತೋಟದಲ್ಲಿ ಮಂಡಿಯೂರಿ ಕೂತಿದ್ದ ದಿನ. ನಿಮ್ಮ ಮುಖಕ್ಕಿಷ್ಟು ಎಂದು ಜೋರಾಗಿಯೇ ಹೇಳಿ, ಕುತ್ತಿಗೆಯ ಗುರುತಿನ ಚೀಟಿಯನ್ನು ಅವನ ಸಮೋಸಾದ ತಟ್ಟೆಗೆ ಎಸೆದು ಕೆಳಗಿಳಿದಳು. ಪತ್ರ ಬರೆಯಬೇಕು, ಸಹಿ ತನ್ನದಲ್ಲವೆಂದು ಎಲ್ಲರಿಗೂ ತಿಳಿಸಬೇಕು ಎಂದುಕೊಳ್ಳುತ್ತಾ ಹಡಪಸರದ ಗದ್ದಲದಲ್ಲಿ ಬಸ್ಸಿಗೆ ನಿಂತಿದ್ದಾಗ ಫೋನ್ ಬಂತು.

"ಪಂಚಾಯಿತಿಯ ಗೋಡೆಗೆ ನಕಾಶೆ ಅಂಟಿಸಿದ್ದಾರೆ," ಎಂದಳು ಕುಸುಮಬಾಯಿ. "ತೋಟ ಕೆಂಪೇ ಇದೆ. ಕೆಳಗೆ ನಿಮ್ಮ ಹೆಸರಿದೆ ಅಂತ ಮೊಮ್ಮಗಳು ಓದಿದಳು. ಹೌದಾ ತಾಯಿ?"

"ಆ ಸಹಿ ನಾನು ಹಾಕಿದ್ದಲ್ಲ. ನಾಳೆಯೇ ಬರ್ತೀನಿ, ಇದೆಲ್ಲ ಸುಳ್ಳು ಅಂತ ಬರೆದು ಕೊಡ್ತೀನಿ..."

"ಬರಬೇಡಿ. ಮೊದಲು ಅವರ ಹತ್ತಿರ ರಸ್ತೆಯ ಮಣ್ಣಷ್ಟೇ ಇತ್ತು. ಈಗ ನನ್ನ ತೋಟದ್ದೂ ತೆಗೆದು ನೋಡಿಯೇ ಕೆಂಪು ಹಾಕಿದ್ದಾರೆ ಅಂತ ಊರೆಲ್ಲ ನಂಬಿದೆ. ನಾನೇ ತೋಡಿ ಕೊಟ್ಟೆನಲ್ಲ!"

ಮುದುಕಿ ಫೋನ್ ಇಟ್ಟುಬಿಟ್ಟಳು.