ಕೊಪ್ಪರಿಗೆ ಕರೆಯಲು ಹೋದದ್ದು

ರಿಪ್ಪನ್‌ಪೇಟೆಯಿಂದ ತೀರ್ಥಹಳ್ಳಿಗೆ ಬಸ್ ಚಾರ್ಜು ಒಂದೂವರೆ ರೂಪಾಯಿ. ಹೋಗಿ ಬರಲು ಮೂರು. ಬರುವಾಗ ಕೊಪ್ಪರಿಗೆಯನ್ನು ಬಸ್ಸಿನ ಮೇಲೆ ಹಾಕಿದರೆ ಕಂಡಕ್ಟರ್ ಇನ್ನೊಂದು ರೂಪಾಯಿಯಾದರೂ ಕೇಳದೆ ಬಿಡುವುದಿಲ್ಲ. ಅಲ್ಲಿಗೆ ನಾಲ್ಕು. ಪೇಟೆಯಲ್ಲಿ ಪಾತ್ರೆ ಬಾಡಿಗೆ ಕೊಡುವವನು ಇನ್ನೂರು ಜನರ ಅನ್ನ ಬೇಯುವ ಕೊಪ್ಪರಿಗೆಗೆ ದಿನಕ್ಕೆ ಐದು ಹೇಳಿದ್ದ. ಮದುವೆ ಮನೆಗೆ ಮೂರು ದಿನವಂತೂ ಬೇಕು. ಹೊಸದನ್ನು ಕೊಳ್ಳುವ ಮಾತನ್ನು ಹೂವಪ್ಪ ಎತ್ತಲೇ ಇಲ್ಲ.

"ನಾಲ್ಕೆಲ್ಲಿ, ಹದಿನೈದೆಲ್ಲಿ!" ಎಂದಳು ಅವನ ಹೆಂಡತಿ ಕೆರಿಯಮ್ಮ. "ನಮ್ಮೂರ ಕೊಪ್ಪರಿಗೆ ಇನ್ನೊಬ್ಬರ ಮನೇಲಿ ಕೂತಿರಬೇಕಾದ್ರೆ ನಾವು ಬಾಡಿಗೆ ಕೊಡದು ಎಂಥಕ್ಕೆ?"

ನಮ್ಮೂರು ಎಂದರೆ ಈಗ ಇಲ್ಲದ ಊರು. ಶರಾವತಿ ದಂಡೆಯಲ್ಲಿತ್ತು. ಅಣೆಕಟ್ಟು ಎದ್ದ ಮೇಲೆ ಹೊಳೆ ಹಿಂದಕ್ಕೆ ಸರಿದು ಬಂದು ಮನೆ, ಗದ್ದೆ, ಕಳ, ಭೂತನ ಕಟ್ಟೆ ಎಲ್ಲವನ್ನೂ ತೆಗೆದುಕೊಂಡಿತು. ಊರಿನ ಹದಿನೆಂಟು ಮನೆಗಳವರು ದಿಕ್ಕಿಗೊಬ್ಬರಾದರು. ಹೂವಪ್ಪನ ಪಾಲಿಗೆ ಬಂದದ್ದು ರಿಪ್ಪನ್‌ಪೇಟೆಯ ಆಚೆಗೆ ಮೂರು ಎಕರೆ ಕಾಡು. ಎರಡು ವರ್ಷದಿಂದ ಮರಗಳ ಬುಡ ಕೀಳುತ್ತಲೇ ಇದ್ದ. ಒಂದು ಹಿಡಿ ಭತ್ತವೂ ಇನ್ನೂ ಮನೆಗೆ ಬಂದಿರಲಿಲ್ಲ.

ಆ ಊರಿನವರೆಲ್ಲ ಸೇರಿ ಹಿಂದೆಂದೋ ಮಾಡಿಸಿದ ತಾಮ್ರದ ಕೊಪ್ಪರಿಗೆ ಅದು. ಅದಕ್ಕೆ ಇಂಥವರ ಮನೆ ಅಂತ ಇರಲಿಲ್ಲ. ಕೊನೆಯ ಮದುವೆ ಯಾರ ಮನೆಯಲ್ಲಿ ಆಯಿತೋ ಅಲ್ಲೇ ಉಳಿಯುತ್ತಿತ್ತು. ಮುಂದಿನ ಮದುವೆಯವರು ಬಂದು ಕರೆಯಬೇಕು. ಕರೆಯುವುದಕ್ಕೂ ಒಂದು ಕಟ್ಟು ಇತ್ತು. ಸ್ವಂತ ಗದ್ದೆಯ ಅಕ್ಕಿ ಒಂದು ಸೇರು, ಎರಡು ಎಲೆ, ಒಂದು ಅಡಿಕೆ. ಅದನ್ನು ಕೊಪ್ಪರಿಗೆಯೊಳಗೆ ಹಾಕಿ, "ನಮ್ಮನೇಲಿ ಮದುವೆ ಐತೆ, ಬಾ" ಅನ್ನಬೇಕು. ಕರೆಯದೆ ಒಯ್ಯುವ ಹಾಗಿಲ್ಲ, ಕರೆಯದೆ ಬಂದವರಿಗೆ ಕೊಡುವ ಹಾಗೂ ಇಲ್ಲ.

ಊರು ಖಾಲಿ ಮಾಡುವ ಗಡಿಬಿಡಿಯಲ್ಲಿ ನಡೆದ ಕೊನೆಯ ಮದುವೆ ಸರೋಜಳದು. ಅಪ್ಪ ಅಮ್ಮ ಇಲ್ಲದ ಹುಡುಗಿ. ಸಾಕಿದ ಅಜ್ಜಿಯೂ ತೀರಿಕೊಂಡ ಮೇಲೆ ಇಡೀ ಊರೇ ಮುಂದೆ ನಿಂತು ಗಂಡು ನೋಡಿತು. ಊರಲ್ಲಿ ಆಗಲೇ ಮನೆಗಳ ಹೆಂಚು ಇಳಿಸಿದ್ದರು, ಚಪ್ಪರ ಹಾಕಲು ಜಾಗವಿರಲಿಲ್ಲ. ಹಾಗಾಗಿ ಕೊಪ್ಪರಿಗೆಯನ್ನೂ ಹುಡುಗಿಯನ್ನೂ ಒಂದೇ ಲಾರಿಯಲ್ಲಿ ಹತ್ತಿಸಿಕೊಂಡು ತೀರ್ಥಹಳ್ಳಿಯ ಗಂಡಿನ ಮನೆಗೇ ಹೋಗಿ ಧಾರೆ ಎರೆದು ಬಂದರು. ಕಟ್ಟಿನ ಪ್ರಕಾರ ಕೊಪ್ಪರಿಗೆ ಅಲ್ಲೇ ಉಳಿಯಿತು. ಅದಾಗಿ ಮೂರು ವರ್ಷ. ಈಗ ಕೆರಿಯಮ್ಮನ ಮಗಳು ಶಾಂತಳ ಮದುವೆ, ಬರುವ ಸೋಮವಾರ.

"ಕರೆಯಕ್ಕೆ ಅಕ್ಕಿ?" ಎಂದು ಹೂವಪ್ಪ ಮೆಲ್ಲಗೆ ಕೇಳಿದ.

"ನಮ್ಮ ವಸ್ತು ನಾವು ತರಕ್ಕೆ ಅಕ್ಕಿ ಎಂಥಕ್ಕೆ? ಆ ಕಟ್ಟೆಲ್ಲ ಊರಿನ ಸಂಗಡ ಮುಳುಗ್ತು!" ಎಂದು ಕೆರಿಯಮ್ಮ ಅವನ ಬಾಯಿ ಮುಚ್ಚಿಸಿದಳು. ಅಂಗಡಿಯ ಅಕ್ಕಿ ಒಯ್ದು ಕೊಪ್ಪರಿಗೆಯ ಮುಂದೆ ನಿಲ್ಲಲು ಅವಳಿಗೆ ನಾಚಿಕೆ. ನಾಚಿಕೆ ಎನ್ನುವುದಕ್ಕಿಂತ ಸಿಟ್ಟು ಎನ್ನುವುದು ಸುಲಭ.

ಅವಳೊಬ್ಬಳೇ ಹೊರಟಳು. ಕೋಣಂದೂರು ದಾಟಿದ ಮೇಲೆ ಬಸ್ಸು ಕಾಡಿನೊಳಗೇ ಓಡಿತು. ಎರಡೂ ಕಡೆ ಬಿಸಿಲು ನೆಲ ಮುಟ್ಟದ ಕಾಡು. ಇದರಲ್ಲಿ ಎಷ್ಟು ಬುಡ ಕೀಳಬೇಕಾದೀತು ಎಂದು ಕೆರಿಯಮ್ಮನ ಕಣ್ಣು ತಾನಾಗಿ ಲೆಕ್ಕ ಹಾಕಿತು. ತೀರ್ಥಹಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೋಟೆಲಿನ ಬಾಗಿಲಲ್ಲಿ ಕಾಫಿಯ ವಾಸನೆ, ಮಂಡಿಗಳ ಮುಂದೆ ಅಡಿಕೆ ಮೂಟೆ, ಕೊಡೆ ಹಿಡಿದು ನಿಧಾನಕ್ಕೆ ನಡೆಯುವ ಜನ. ಸೇತುವೆಯ ನಡುವೆ ನಿಂತು ಅವಳು ಕೆಳಗೆ ನೋಡಿದಳು. ತುಂಗೆ ಬಂಡೆಗಳ ಸಂದಿಯಲ್ಲಿ ತಣ್ಣಗೆ ಹರಿಯುತ್ತಿದ್ದಳು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಯಾರೋ ಮುದುಕ ಕಂಠಮಟ್ಟ ನೀರಿನಲ್ಲಿ ನಿಂತು ಮಂತ್ರ ಹೇಳುತ್ತಿದ್ದ. ಹೊಳೆಯ ಮಗ್ಗುಲಲ್ಲೇ ಇಷ್ಟು ದೊಡ್ಡ ಊರು, ಒಂದು ಹೆಂಚೂ ಅಲ್ಲಾಡದೆ ನಿಂತಿದೆ!

"ಇದೂ ಹೊಳೆ, ನಮ್ಮದೂ ಹೊಳೆ," ಎಂದು ಗಟ್ಟಿಯಾಗಿಯೇ ಹೇಳಿದಳು. "ಇದಕ್ಕೆ ಗೋಡೆ ಕಟ್ಟಕ್ಕೆ ಯಾರಿಗೂ ಕಾಣ್ಲಿಲ್ಲ. ನಮ್ಮದೇ ಕಂಡಿದ್ದು."

ಪಕ್ಕದಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದವನು ತಿರುಗಿ ನೋಡಿ, ಹುಚ್ಚಿಯಿರಬೇಕು ಎಂದುಕೊಂಡು ಬೇಗ ಬೇಗ ನಡೆದ.

ಸೇತುವೆಯ ಆಚೆ ಕುರುವಳ್ಳಿಯಲ್ಲಿ ಸರೋಜಳ ಮನೆ. ಜಗಲಿಯಲ್ಲಿ ಅವಳ ಅತ್ತೆ ಶೇಷಮ್ಮ ಬೆಲ್ಲ ಕುಟ್ಟುತ್ತ ಕೂತಿದ್ದಳು.

"ಅಯ್ಯೋ, ಬೀಗ್ರು! ಬನ್ನಿ ಬನ್ನಿ. ದಾರಿ ಗೀರಿ ತಪ್ಪಿ ಬಂದ್ರಾ? ಸರೋಜ ಹೊಳೆಗೆ ಹೋಗಿದಾಳೆ, ಈಗ ಬತ್ತಾಳೆ. ಬಚ್ಚಲಲ್ಲಿ ನೀರಿದೆ, ಕಾಲು ತೊಳ್ಕಳಿ."

ಕೆರಿಯಮ್ಮ ಹಿತ್ತಿಲ ಬಚ್ಚಲಿಗೆ ಹೋದಳು. ನೀರು ಮೊಗೆಯಲು ಚೊಂಬು ಅದ್ದಿದವಳ ಕೈ ಅಲ್ಲೇ ನಿಂತಿತು. ನೀರಿನ ಹಂಡೆಯನ್ನು ಒಲೆಯ ಮೇಲೆ ಸುತ್ತ ಕೆಮ್ಮಣ್ಣು ಮೆತ್ತಿ ಕೂರಿಸಿದ್ದರು. ಹೊರಮೈಯೆಲ್ಲ ಮಸಿ. ಆದರೆ ಅಂಚಿನ ಆ ತಗ್ಗನ್ನು ಮರೆಯುವುದುಂಟೇ? ತನ್ನ ಮದುವೆಯ ದಿನವೇ ಅಡಿಗೆಯವರ ಕೈಯಿಂದ ಜಾರಿ ಬಿದ್ದು ಆದದ್ದು.

"ಥೂ ನಿಮ್ಮ ಜನ್ಮಕ್ಕೆ!" ಎಂದು ಅವಳು ಕೂಗಿದ ಕೂಗಿಗೆ ಹಿತ್ತಿಲ ಕೋಳಿಗಳು ಚೆದುರಿದವು.

ಶೇಷಮ್ಮ ಓಡಿ ಬಂದಳು. "ಎಂಥಾಯ್ತು ಬೀಗ್ರೇ? ಹಾವು ಗೀವು ಬಂತಾ?"

"ಹಾವೇ ಬಂದಿದ್ರೆ ಒಳ್ಳೇದಿತ್ತು! ಹದಿನೆಂಟು ಮನೆ ಮದುವೆ ಅನ್ನ ಬೆಂದ ಕೊಪ್ಪರಿಗೆ ಇದು. ಇದ್ರಲ್ಲಿ ಮೈ ತೊಳಿತೀರಾ ನೀವು? ಮಾನ ಮರ್ಯಾದೆ ಐತಾ?"

"ಮೈ ತೊಳಿಯದು ಮಾನಗೇಡಿ ಕೆಲಸನಾ? ಮೂರು ವರ್ಷ ಕೇಳೋರಿಲ್ದೆ ಬಿದ್ದಿತ್ತು. ಇಷ್ಟು ದೊಡ್ಡದನ್ನ ಮನೇಲಿ ಎಲ್ಲಿಡದು, ನನ್ನ ತಲೆ ಮೇಲಾ?"

"ಕೂರಿಸಿದ್ದು ಯಾರು ಹೇಳಿ, ಅವರ ಕೈ ನೋಡ್ತೀನಿ ನಾನು!"

"ನಾನು."

ಹಿಂದೆ ಸರೋಜ ನಿಂತಿದ್ದಳು. ತಲೆಯ ಮೇಲೆ ಹಿಂಡಿದ ಬಟ್ಟೆಯ ಬುಟ್ಟಿ, ಸೊಂಟದಲ್ಲಿ ಒಂದು ಹೆಣ್ಣು ಕೂಸು. ಬುಟ್ಟಿ ಇಳಿಸಿದಳು. ನಮಸ್ಕಾರ ಮಾಡಲಿಲ್ಲ, ನಗಲೂ ಇಲ್ಲ.

"ನಾನೇ ಕೂರಿಸ್ದೆ ದೊಡ್ಡಮ್ಮ. ತಾಮ್ರದ ರೇಟು ಏರಿದೆ ಅಂತ ಮಾವಯ್ಯ ಇದನ್ನ ಗುಜರಿಯವನಿಗೆ ತೂಗಕ್ಕೆ ಹೊರಟಿದ್ರು. ಹಗ್ಗ ತಂದು ಕಟ್ಟಿಯೂ ಆಗಿತ್ತು. ಬಚ್ಚಲಿಗೆ ಹಂಡೆ ಬೇಕಿತ್ತು, ಇದನ್ನೇ ಕೂರಿಸಣ ಅಂದೆ. ಒಲೆಗೆ ಮೆತ್ತಿದ ಹಂಡೆನ ಯಾರೂ ಕಿತ್ತು ಮಾರಲ್ಲ. ಅದಕ್ಕೇ ಇನ್ನೂ ಐತೆ."

ಶೇಷಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಕೆರಿಯಮ್ಮನಿಗೆ ಬಾಯಿಗೆ ಬಂದಿದ್ದ ಬೈಗುಳ ನುಂಗುವುದು ಕಷ್ಟವಾಯಿತು.

"ಸರಿ ಬಿಡು. ಒಲೆ ಒಡಿ. ಸಂಜೆ ಬಸ್ಸಿಗೆ ಒಯ್ತೀನಿ. ನಮ್ಮ ಶಾಂತನ ಮದುವೆ, ಸೋಮವಾರ."

"ಅಕ್ಕಿ ಎಲ್ಲಿ?"

"ಎಂಥ ಅಕ್ಕಿ?"

"ಕರೆಯ ಅಕ್ಕಿ. ನೀವೇ ಹೇಳಿ ಹೋದ ಮಾತು. ಕರೆಯದೆ ಬಂದವರಿಗೆ ಕೊಡಬೇಡ ಅಂತ."

"ಎಲ್ಲಿಂದ ತರ್ಲಿ ಮಾರಾಯ್ತಿ?" ಎಂದಳು ಕೆರಿಯಮ್ಮ. "ಗದ್ದೆ ಮುಳುಗ್ತು. ಕಣಜ ಮುಳುಗ್ತು. ಎರಡು ವರ್ಷ ಆಯ್ತು ಅಂಗಡಿ ಅಕ್ಕಿ ತಿಂತಾ ಇದೀವಿ. ಅದನ್ನ ಹೊತ್ತು ತಂದು ಇದರ ಮುಂದೆ ನಿಲ್ಲಕ್ಕೆ ನಂಗೆ ಮುಖ ಇಲ್ಲ. ಸಾಕಾ? ಸಮಾಧಾನ ಆಯ್ತಾ?"

ಸರೋಜಳ ಮುಖ ಸಡಿಲವಾಗಲಿಲ್ಲ.

"ಗದ್ದೆ ಮುಳುಗಿದ್ದು ನಂಗೆ ಯಾರು ಹೇಳಿದ್ರು? ಸಾಗರದ ಕಡೆ ಬಸ್ಸಿನ ಡ್ರೈವರ್ ಬಾಯಲ್ಲಿ ಕೇಳಿದ್ದು ನಾನು. ಯಾರು ಎಲ್ಲಿಗೆ ಹೋದ್ರಿ ಅಂತ ಒಬ್ಬರೂ ತಿಳಿಸಲಿಲ್ಲ. ಹಬ್ಬಕ್ಕೆ ಕರೆಯೋರಿಲ್ದೆ ಭೂಮಿ ಹುಣ್ಣಿಮೆ ಮೂರು ಬಂತು, ಮೂರು ಹೋಯ್ತು. ಇವಳು ಹೊಟ್ಟೇಲಿದ್ದಾಗ ಬಾಣಂತನಕ್ಕೆ ಕರೆಯಕ್ಕೆ ಯಾರಾದ್ರೂ ಬತ್ತಾರೆ ಅಂತ ಸೇತುವೆ ಹತ್ರ ಹೋಗಿ ನಿಲ್ತಿದ್ದೆ. ನನಗಂತೂ ತವರಿಲ್ಲ. ಈ ಕೊಪ್ಪರಿಗೆ ಇದ್ರೆ ಅದನ್ನ ಕೇಳಕ್ಕಾದ್ರೂ ಒಬ್ಬರು ಬತ್ತಾರೆ ಅಂತ ಇಟ್ಕಂಡೆ. ಬಂದ್ರಿ. ಕೊಪ್ಪರಿಗೆ ಕೇಳಕ್ಕೇ ಬಂದ್ರಿ."

ಕೂಸು ಅಮ್ಮನ ಮುಖ ನೋಡಿ ಅಳಲು ಶುರುಮಾಡಿತು. ಕೆರಿಯಮ್ಮ ಚಪ್ಪಲಿ ಮೆಟ್ಟಿ ಹೊರಗೆ ನಡೆದಳು.

"ನೋಡು, ಸಿಟ್ಟು ಮಾಡ್ಕಂಡು ಹೋದ್ರು," ಎಂದಳು ಶೇಷಮ್ಮ. "ಒಂದು ಲೋಟ ಬೆಲ್ಲದ ನೀರೂ ಕುಡಿಲಿಲ್ಲ."

ಸಿಟ್ಟೇ ಆಗಿತ್ತು. ಆದರೆ ಸೇತುವೆಯ ಮೇಲೆ ಬರುವ ಹೊತ್ತಿಗೆ ಅದು ಯಾರ ಮೇಲೆ ಎನ್ನುವುದು ತಿಳಿಯದಾಯಿತು. ಸರೋಜಳನ್ನು ಊರೆಲ್ಲ ಸೇರಿ ಮದುವೆ ಮಾಡಿತ್ತು. ಊರೆಲ್ಲರ ಮಗಳೆಂದ ಮೇಲೆ ಅವಳನ್ನು ಕರೆಯುವುದು ಯಾರ ಕೆಲಸವೂ ಆಗಿರಲಿಲ್ಲ. ಬೇರೆಯವರು ಕರೆದಿರುತ್ತಾರೆ ಎಂದು ತಾನೂ ಅಂದುಕೊಂಡಿದ್ದಳು. ಹಾಗೆ ಅಂದುಕೊಳ್ಳಲು ಊರು ಮುಳುಗಿಸಿದವರು ಯಾರೂ ಹೇಳಿಕೊಟ್ಟಿರಲಿಲ್ಲ. ಈ ತಪ್ಪನ್ನು ಹೊಳೆಯ ತಲೆಗೆ ಕಟ್ಟುವಂತಿಲ್ಲ.

ಪೇಟೆಯ ಅಂಗಡಿಯಲ್ಲಿ ಎರಡು ಸೇರು ಅಕ್ಕಿ ಅಳೆಸಿದಳು.

"ದಪ್ಪಕ್ಕಿ ಸಾಕಾ ಅಮ್ಮಾ?" ಎಂದ ಅಂಗಡಿಯವನು.

"ಸಣ್ಣದು ಕೊಡು. ಕಲ್ಲು ಗಿಲ್ಲು ಇದ್ರೆ ಇಲ್ಲೇ ಸುರಿದು ಹೋಗ್ತೀನಿ."

ಒಂದು ಸೇರನ್ನು ಸೆರಗಿನಲ್ಲಿ, ಇನ್ನೊಂದನ್ನು ಚೀಲದಲ್ಲಿ ಹಾಕಿಸಿಕೊಂಡಳು. ಎಲೆ ಅಡಿಕೆ ಕೊಂಡಳು. ತಿರುಗಿ ಸೇತುವೆ ದಾಟುವಾಗ ಈ ಸಲ ಕೆಳಗೆ ನೋಡಲಿಲ್ಲ.

ಸರೋಜಳ ಗಂಡ ಚಂದ್ರಯ್ಯ ಅಷ್ಟರಲ್ಲಿ ಊಟಕ್ಕೆ ಬಂದಿದ್ದ. ಎಲ್ಲರೂ ಹಿತ್ತಿಲಿಗೆ ಬಂದು ನಿಂತರು. ಬಿಸಿನೀರನ್ನು ಹೊರಗೆ ಚೆಲ್ಲಿಸಿ, ಕೆರಿಯಮ್ಮ ಕೊಪ್ಪರಿಗೆಯ ಒಳಗನ್ನು ಹುಣಸೆಹಣ್ಣು ಹಚ್ಚಿ ತಾನೇ ತಿಕ್ಕಿದಳು. ಆಮೇಲೆ ಚೀಲದ ಅಕ್ಕಿ ಸುರಿದು ಎಲೆ ಅಡಿಕೆ ಇಟ್ಟಳು.

"ಇದು ಗದ್ದೆ ಅಕ್ಕಿ ಅಲ್ಲ. ಅಂಗಡೀದು. ಸುಳ್ಳು ಹೇಳಲ್ಲ," ಎಂದಳು ಕೊಪ್ಪರಿಗೆಗೆ. "ನಮ್ಮನೇಲಿ ಮದುವೆ ಐತೆ, ಬಾ."

ಆಮೇಲೆ ಸರೋಜಳ ಕಡೆ ತಿರುಗಿ, "ಸೆರಗು ಒಡ್ಡೇ," ಎಂದಳು.

"ಎಂಥಕ್ಕೆ?"

"ಒಡ್ಡು ಅಂದ್ರೆ ಒಡ್ಡು. ಇಷ್ಟು ಮಾತಾಡಕ್ಕೆ ಬತ್ತದೆ, ಸೆರಗು ಒಡ್ಡಕ್ಕೆ ಬರಲ್ವಾ? ಮೂರು ವರ್ಷ ತಡ ಆಯ್ತು. ಕೂಸು ಕರ್ಕಂಡು ಇವತ್ತೇ ಹೊರಡು. ಮದುವೆ ಮುಗಿದು ಹದಿನೈದು ದಿನ ಇದ್ದು ಬಾ."

ಸರೋಜ ಸೆರಗು ಒಡ್ಡಿದಳು. ಅಕ್ಕಿ ಬೀಳುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಕೋಳಿಗಳು ಓಡಿ ಬಂದವು.

"ಸೊಸೆನೂ ಕರ್ಕಂಡು ಹೋಗಿ, ಹಂಡೆನೂ ಕಿತ್ಕಂಡು ಹೋಗಿ," ಎಂದಳು ಶೇಷಮ್ಮ. "ನಾಳೆ ನಾವು ಮೈ ತೊಳಿಯಕ್ಕೆ ಎಂಥ ಮಾಡದು?"

"ಮುಂದೆ ಇಷ್ಟು ದೊಡ್ಡ ಹೊಳೆ ಹರೀತದಲ್ಲ ಬೀಗ್ರೇ," ಎಂದಳು ಕೆರಿಯಮ್ಮ. "ಅದನ್ನ ಯಾರೂ ಕಿತ್ತು ಒಯ್ದಿಲ್ಲ ಇನ್ನೂ. ಇರೋ ತನಕ ಮುಳುಗಿ. ಸೋಮವಾರ ನೀವೂ ಬನ್ನಿ, ಊಟಕ್ಕೆ."

ಚಂದ್ರಯ್ಯ ನಗುತ್ತ ಹಾರೆ ತಂದು ಒಲೆ ಒಡೆದ.

ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಕೊಪ್ಪರಿಗೆಗೆ ಎರಡು ರೂಪಾಯಿ ಕೇಳಿದ. ಕೆರಿಯಮ್ಮ ಕೋಣಂದೂರಿನವರೆಗೂ ಜಗಳವಾಡಿ ಒಂದೂಕಾಲಕ್ಕೆ ಇಳಿಸಿದಳು. ಸರೋಜಳ ಟಿಕೆಟ್ಟಿಗೆ ಮಾತ್ರ ಮಾತಾಡದೆ ದುಡ್ಡು ಕೊಟ್ಟಳು.

ಬಾಡಿಗೆಯಲ್ಲಿ ಉಳಿಯಬೇಕಾಗಿದ್ದ ದುಡ್ಡು ಅಕ್ಕಿಗೆ, ಟಿಕೆಟ್ಟಿಗೆ, ಆಮೇಲೆ ಕಲಾಯಿ ಹಾಕುವವನಿಗೆ ಹೋಗಿ ಸರಿಹೋಯಿತು. ಸ್ವಂತ ಗದ್ದೆಯ ಅಕ್ಕಿಯಿಂದಲೇ ಕರೆಯಬೇಕು ಎನ್ನುವ ಕಟ್ಟು ಅಂದಿಗೆ ಹೋಯಿತು, ಮತ್ತೆ ಬರಲಿಲ್ಲ. ಕೊಪ್ಪರಿಗೆ ಬಂತು. ಸರೋಜಳಿಗೆ ತವರು ಎನ್ನಲು ಒಂದು ಮನೆಯಾಯಿತು. ಹೊಳೆ ತೆಗೆದುಕೊಂಡದ್ದನ್ನು ಮಾತ್ರ ಯಾರೂ ವಾಪಸು ಕೊಡಲಿಲ್ಲ.